ಗಲ್ಲಿ ತುದಿಯ ಕನ್ನಡಿ

ಗಾಜಿನಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸುತ್ತಮುತ್ತಲಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಒಂದು ದಿನ ಅವಳ ಬಾಗಿಲಲ್ಲಿ ಕೂತು ನೋಡಬೇಕಿತ್ತು. ಒಂದು ಕಾರು ನುಗ್ಗಿದರೆ ಪಕ್ಕದಲ್ಲಿ ನಾಯಿಯೂ ನಿಲ್ಲಲಾಗದಂಥ ಗಲ್ಲಿ. ಅದರ ಕೊನೆಯಲ್ಲಿ ಅವಳ ಮನೆ, ಮನೆಗೆ ಅಂಟಿಕೊಂಡೇ ಗಾಜು ಕತ್ತರಿಸುವ ಅಂಗಡಿ. ಅಂಗಡಿ ದಾಟಿದರೆ ಗಲ್ಲಿ ಮುಗಿಯಿತು; ಅಲ್ಲಿಂದ ಕೆಳಗಿನ ದೊಡ್ಡ ರಸ್ತೆಗೆ ಕಡಿದಾದ ಮೆಟ್ಟಿಲುಗಳು. ಮನುಷ್ಯರು ಇಳಿಯಬಹುದು, ಬೆಕ್ಕು ಇಳಿಯಬಹುದು, ಲಾರಿ ಇಳಿಯುತ್ತದೆಯೇ? ಕಾರುಗಳಲ್ಲಿ ದಾರಿ ತೋರಿಸುವ ಆ ಯಂತ್ರದ ಪ್ರಕಾರ ಇಳಿಯುತ್ತದೆ. ಯಾವನೋ ಪುಣ್ಯಾತ್ಮ ಎಲ್ಲೋ ತಣ್ಣಗೆ ಕೂತು ಆ ಮೆಟ್ಟಿಲುಗಳ ಮೇಲೆ ರಸ್ತೆಯ ಗೆರೆ ಎಳೆದುಬಿಟ್ಟಿದ್ದ.

ಬರುವವರೋ, ಒಬ್ಬರಿಗಿಂತ ಒಬ್ಬರು ಘನವಂತರು. "ಮುಂದೆ ದಾರಿ ಇಲ್ಲ ಕಣ್ರೀ, ಮೆಟ್ಟಿಲಿದೆ," ಎಂದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೆಟ್ಟಿಲನ್ನು ನೋಡುವರು, ಆಮೇಲೆ ಯಂತ್ರವನ್ನು ನೋಡುವರು.

"ಇದ್ರಲ್ಲಿ ಇದೆ ಅಂತ ತೋರಿಸ್ತಿದೆಯಲ್ಲಮ್ಮಾ."

"ಹಾಗಾದ್ರೆ ಅದ್ರೊಳಗೇ ಗಾಡಿ ಓಡಿಸ್ಕೊಂಡು ಹೋಗಿ!" ಎಂದು ಅವಳು ಉರಿದುಬೀಳುವಳು. ಯಂತ್ರಕ್ಕೆ ಕಣ್ಣಿಲ್ಲ, ಒಪ್ಪೋಣ. ಅದನ್ನು ಎದುರಿಗಿಟ್ಟುಕೊಂಡವರಿಗೂ ಇಲ್ಲವೇ?

ಅವಳ ಜೀವ ಹೊಡೆದುಕೊಳ್ಳುತ್ತಿದ್ದುದು ಗಾಜಿಗಾಗಿ ಅಲ್ಲ, ಮಾವನಿಗಾಗಿ. ಮಾವ ಬಸ್ ಕಂಡಕ್ಟರ್ ಆಗಿದ್ದವರು. ಕಿವಿ ಮಂದವಾಗಿತ್ತು, ಗಂಟಲು ಮಾತ್ರ ಕಂಚು. ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ ಬೆಳಗ್ಗೆ ಕೂತರೆ ಊಟಕ್ಕಷ್ಟೇ ಏಳುತ್ತಿದ್ದರು, ಅದೂ ಬೈದುಕೊಂಡು. ಹಿಂದೆ ಸರಿಯುವ ಗಾಡಿಗಳ ಚಕ್ರ ಅವರ ಪಾದದ ಪಕ್ಕದಲ್ಲೇ ಹೊರಳುತ್ತಿತ್ತು.

"ಮಾವ, ಒಳಗೆ ಕೂತ್ಕೊಳ್ಳಿ. ಯಾವನಾದ್ರೂ ಕಾಲ ಮೇಲೆ ಹತ್ತಿಸ್ತಾನೆ."

"ನನ್ನ ಕಟ್ಟೆ ಬಿಡ್ಸೋಕೆ ಅವನ್ಯಾವನಮ್ಮಾ? ಆಯಸ್ಸೆಲ್ಲಾ ಬಸ್ಸನ್ನ ಮುಂದಕ್ಕೆ ಕಳಿಸ್ದೋನು ನಾನು. ಇವನ್ನ ಹಿಂದಕ್ಕೆ ಕಳ್ಸೋದು ಯಾವ ಮಹಾ ಕೆಲ್ಸ!" ಎಂದು ಎದುರಿನ ಗಾಡಿಯ ಕಡೆ ಕೈ ಬೀಸಿ, "ಹಿಂದಕ್ಕೆ ಹೋಗಯ್ಯಾ, ಹಿಂದಕ್ಕೆ!" ಎಂದು ಅಬ್ಬರಿಸುತ್ತಿದ್ದರು. ಇಡೀ ಗಲ್ಲಿ ನಡುಗುತ್ತಿತ್ತು.

ಮಾವ ಸೊಸೆಗೆ ದಿನಾ ಜಗಳ. ಆದರೂ ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಹೆಂಗಸಿಗೆ ಗಾಜಿನ ಕೆಲಸ ಯಾಕೆ ಎಂದು ಗಂಡನೇ ಮೀನಮೇಷ ಎಣಿಸುತ್ತಿದ್ದಾಗ, ಗಾಜು ಕೊರೆಯುವ ಕಡ್ಡಿಯನ್ನು ಅವಳ ಕೈಗಿಟ್ಟು, "ಕೊಯ್ಯಮ್ಮಾ, ಒಡೆದ್ರೆ ನಾನು ಬೈಸ್ಕೋತೀನಿ," ಎಂದವರು ಇದೇ ಮಾವ. ಅವಳು ಅದನ್ನು ಒಂದು ದಿನವೂ ಮರೆತಿರಲಿಲ್ಲ.

ಒಂದು ದಿನ ಸಾಮಾನು ಸಾಗಿಸುವ ವ್ಯಾನೊಂದು ರಿವರ್ಸ್ ತೆಗೆಯುವಾಗ ಕಟ್ಟೆಯ ಮೂಲೆಗೇ ಗುದ್ದಿತು. ಕಲ್ಲು ಚಕ್ಕೆ ಎದ್ದಿತು. ಮಾವ ಕಾಲು ಎಳೆದುಕೊಂಡದ್ದು ಕೂದಲೆಳೆ ಅಂತರದಲ್ಲಿ. ಡ್ರೈವರ್ ಕೆಳಗೂ ಇಳಿಯಲಿಲ್ಲ. "ನನ್ನನ್ಯಾಕೆ ಕೇಳ್ತೀರಾ, ಮ್ಯಾಪ್‌ನೋರನ್ನ ಕೇಳಿ," ಎಂದು ಹೊರಟೇ ಹೋದ.

ಗಾಜಿನಕ್ಕ ಕೇಳಿದಳು. ಕೇಳದೆ ಬಿಡುವ ಜಾಯಮಾನವೇ ಅವಳದಲ್ಲ. ಮೊದಲು ಗಲ್ಲಿಯ ಬಾಯಲ್ಲಿ 'ಮುಂದೆ ದಾರಿ ಇಲ್ಲ' ಎಂದು ಆಳೆತ್ತರದ ಬೋರ್ಡ್ ಹಾಕಿಸಿದಳು. ಯಾರೂ ಕ್ಯಾರೇ ಅನ್ನಲಿಲ್ಲ. ನಗರಸಭೆಗೆ ಹೋದರೆ ಅಲ್ಲಿನ ಗುಮಾಸ್ತ, "ನಮ್ಮ ನಕ್ಷೆಯಲ್ಲಿ ಮೆಟ್ಟಿಲು ಅಂತ್ಲೇ ಇದೆ. ಅವರ ನಕ್ಷೆಗೆ ನಾವೇನ್ ಮಾಡೋಣ?" ಎಂದು ಕೈತೊಳೆದುಕೊಂಡ. ಮ್ಯಾಪ್ ಕಂಪನಿಗೆ ಫೋನ್ ಮಾಡಿದರೆ ಎತ್ತುವುದೂ ಒಂದು ಯಂತ್ರವೇ. ಅದಕ್ಕೆ ಅವಳು ಬಾಯಿಗೆ ಬಂದಂತೆ ಬೈದಳು, ಅದು ಧನ್ಯವಾದ ಹೇಳಿತು.

ಕೊನೆಗೆ ಎದುರುಮನೆಯ ಟೇಲರ್ ತನ್ನ ಫೋನಿನಲ್ಲಿ ದೂರು ಬರೆದುಕೊಟ್ಟ. "ಏನಂತ ಹಾಕ್ಲಿ ಅಕ್ಕಾ?"

"ಈ ಗಲ್ಲೀಲಿ ದಾರಿ ಇಲ್ಲ ಅಂತ ಹಾಕು ಟೇಲರಣ್ಣ. ದಪ್ಪ ಅಕ್ಷರದಲ್ಲಿ ಹಾಕು."

'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ತಿಂಗಳುಗಳು ಕಳೆದರೂ ಅದು ಪರಿಶೀಲನೆಯಲ್ಲೇ ಇತ್ತು.

ಮಾತು ಕೇಳದವರಿಗೆ ಏನು ಮಾಡಬೇಕು ಎಂಬುದು ಅಂಗಡಿಯಲ್ಲೇ ಹೊಳೆಯಿತು. ಯಾವುದೋ ಬಟ್ಟೆ ಅಂಗಡಿಯವರು ಹೇಳಿ ಮಾಡಿಸಿ, ಆಮೇಲೆ ಬೇಡವೆಂದು ಬಿಟ್ಟುಹೋದ ಗೋಡೆಯಗಲದ ಕನ್ನಡಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಗಂಡನನ್ನು ಕರೆದು, ಮೆಟ್ಟಿಲ ತಲೆಯ ಮೇಲಿನ ಕಬ್ಬಿಣದ ಕಂಬಿಗೆ ಅದನ್ನು ಗಲ್ಲಿಯ ಕಡೆ ಮುಖಮಾಡಿ ಬಿಗಿಸಿದಳು. ಪಕ್ಕದಲ್ಲಿ ಜನ ಹಾಯುವಷ್ಟು ಜಾಗ ಬಿಟ್ಟಳು.

ಆಮೇಲೆ ನೋಡಬೇಕಿತ್ತು ತಮಾಷೆ! ಗಲ್ಲಿಗೆ ಮೂತಿ ಹಾಕಿದ ಕಾರಿನವನಿಗೆ ಆ ತುದಿಯಿಂದ ಇನ್ನೊಂದು ಕಾರು ಎದುರು ಬರುವುದು ಕಾಣುತ್ತಿತ್ತು. ಇವನು ಹಾರ್ನ್ ಹೊಡೆದ, ಅದು ಜಗ್ಗಲಿಲ್ಲ. ಇವನು ಲೈಟ್ ಮಿನುಗಿಸಿದ, ಅದೂ ಮಿನುಗಿಸಿತು. "ಏಯ್, ನಾನು ಮೊದ್ಲು ಬಂದಿದ್ದು!" ಎಂದು ತನಗೆ ತಾನೇ ಕೈಯಾಡಿಸಿ, ಬೈದು, ಸೋತು, ಹಿಂದೆ ಸರಿದ. ಬೋರ್ಡ್ ನಂಬದವರು, ಹೆಂಗಸಿನ ಮಾತು ನಂಬದವರು, ಎದುರಿಗೊಂದು ಗಾಡಿ ಕಂಡರೆ ಮಾತ್ರ ನಂಬುತ್ತಿದ್ದರು. ಮಾವ ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ನಕ್ಕರು.

ಆಮೇಲೊಂದು ದಿನ ಗಾಡಿಗಳು ಬರುವುದೇ ನಿಂತುಹೋಯಿತು. ತನ್ನ ಕನ್ನಡಿಯೇ ಗೆದ್ದಿತು ಎಂದು ಗಾಜಿನಕ್ಕ ಬೀಗಿದಳು.

ಅಂಥದ್ದೇ ಒಂದು ನಿಶ್ಶಬ್ದ ಮಧ್ಯಾಹ್ನ ಅವಳು ಊಟಕ್ಕೆ ಕರೆದಾಗ ಮಾವ ಬೈಯಲಿಲ್ಲ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಒಂದು ಕಡೆಗೆ ವಾಲಿದ್ದಾರೆ, ಬಾಯಿ ಸೊಟ್ಟಗಾಗಿದೆ, ಬಲಗೈ ಜೋತುಬಿದ್ದಿದೆ. ಗಂಡ ಊರಾಚೆ ಕಿಟಕಿ ಕೂರಿಸಲು ಹೋಗಿದ್ದ. ಟೇಲರ್ ಆಂಬುಲೆನ್ಸಿಗೆ ಫೋನ್ ಮಾಡಿದ.

ಸೈರನ್ ಬೇಗನೇ ಕೇಳಿಸಿತು. ಕೇಳಿಸಿ, ಗಲ್ಲಿಯ ಬಾಯಿ ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯಲ್ಲಿ ಕೇಳಿಸಿತು. ಆಮೇಲೆ ಎಲ್ಲೋ ದೂರದಲ್ಲಿ. ಅವಳು ಫೋನ್ ಕಿತ್ತುಕೊಂಡಳು.

"ಎಲ್ಲಿ ಸುತ್ತುತಾ ಇದೀರಾ? ಬೋರ್ಡಿರೋ ಗಲ್ಲಿ ಒಳಗೆ ಬನ್ನಿ!"

"ಅಮ್ಮಾ, ಮ್ಯಾಪಲ್ಲಿ ಅಂಥ ಗಲ್ಲೀನೇ ಇಲ್ಲ," ಎಂದ ಡ್ರೈವರ್. "ಆ ಬೋರ್ಡಲ್ಲೂ ದಾರಿ ಇಲ್ಲ ಅಂತಿದೆ. ಮ್ಯಾಪು ಕೆಳಗಿನ ರೋಡಿಂದ ಬಾ ಅಂತ ತೋರಿಸ್ತಿದೆ."

"ಮೆಟ್ಟಿಲಲ್ಲಿ ದಾರಿ ಇಲ್ಲ ಕಣಯ್ಯಾ, ಮನೆವರೆಗೂ ಇದೆ! ನಾನು ಇಲ್ಲೇ ನಿಂತಿದೀನಿ, ನನ್ನ ಮನೆ ಇದು, ದಾರಿ ಇದೆ!"

"ತೋರಿಸ್ತಿಲ್ಲಮ್ಮಾ."

ದಾರಿ ಇಲ್ಲ ಎಂದು ಇಷ್ಟು ದಿನ ಗಂಟಲು ಹರಿದುಕೊಂಡಾಗ ಯಾರೂ ನಂಬಲಿಲ್ಲ. ಇವತ್ತು ದಾರಿ ಇದೆ ಎಂದರೆ ಇವನೂ ನಂಬುತ್ತಿಲ್ಲ. ಥೂ, ಇವರ ಮನೆ ಹಾಳಾಗ! ಸೈರನ್ ಈಗ ಮೆಟ್ಟಿಲ ಕೆಳಗೆ, ದೊಡ್ಡ ರಸ್ತೆಯಲ್ಲಿ ಕೂಗುತ್ತಿತ್ತು. ಗಾಜಿನಕ್ಕ ಮತ್ತೆ ವಾದಕ್ಕೆ ನಿಲ್ಲಲಿಲ್ಲ. ದೊಡ್ಡ ಗಾಜು ಹೊರುವ ಮರದ ಚೌಕಟ್ಟನ್ನು ಎಳೆದು ತಂದಳು, ಅದರ ಮೇಲೆ ಹಾಸಿಗೆ ಹಾಕಿ ಮಾವನನ್ನು ಮಲಗಿಸಿದಳು. ಮುಂದೆ ಟೇಲರ್, ಹಿಂದೆ ಅವಳು.

"ಮಟ್ಟವಾಗಿ ಹಿಡಿ ಟೇಲರಣ್ಣ. ಅಲುಗಾಡಿಸ್ಬೇಡ. ಗಾಜು ಅಂತ್ಲೇ ತಿಳ್ಕೋ."

ಕನ್ನಡಿಯ ಪಕ್ಕದ ಸಂದಿಯಲ್ಲಿ ಹಾಯ್ದು ಒಂದೊಂದೇ ಮೆಟ್ಟಿಲು ಇಳಿದರು, ಚೌಕಟ್ಟು ಓರೆಯಾಗಲಿಲ್ಲ. ಮಾವನ ಕಣ್ಣು ಅವಳ ಮುಖದ ಮೇಲೇ ಇತ್ತು.

ಜೀವ ಉಳಿಯಿತು. "ಇನ್ನೊಂಚೂರು ಬೇಗ ಬಂದಿದ್ರೆ ಮಾತೂ ಉಳೀತಿತ್ತೇನೋ," ಎಂದರು ಡಾಕ್ಟರ್. ಆಸ್ಪತ್ರೆಯ ಬೆಂಚಿನ ಮೇಲೆ ಟೇಲರ್ ತಲೆ ತಗ್ಗಿಸಿಕೊಂಡೇ ಫೋನನ್ನು ಅವಳ ಮುಂದೆ ಹಿಡಿದ. ಹಿಂದಿನ ವಾರವೇ ಬಂದಿದ್ದ ಸಂದೇಶ; ಅವನು ನೋಡಿರಲಿಲ್ಲ. 'ನಿಮ್ಮ ಸಲಹೆಯಂತೆ ನಕ್ಷೆಯನ್ನು ಸರಿಪಡಿಸಲಾಗಿದೆ. ನಿಮ್ಮ ಸಹಾಯಕ್ಕೆ ಧನ್ಯವಾದಗಳು.' ಮೆಟ್ಟಿಲ ಮೇಲಿನ ಗೆರೆ ಅಳಿಸಲೆಂದು 'ಗಲ್ಲೀಲಿ ದಾರಿ ಇಲ್ಲ' ಎಂದು ಬರೆಸಿದ್ದಕ್ಕೆ ಇಡೀ ಗಲ್ಲಿಯನ್ನೇ ಒರೆಸಿ ಹಾಕಿದ್ದರು. ಗಾಡಿಗಳು ನಿಂತದ್ದು ಕನ್ನಡಿಯಿಂದಲ್ಲ.

ಗಾಜಿನಕ್ಕ ಆ ಫೋನನ್ನು ಗೋಡೆಗೆ ಅಪ್ಪಳಿಸಲು ಎತ್ತಿದಳು. ಅದು ಟೇಲರನದು ಎಂಬುದು ನೆನಪಾಗಿ ಕೈ ಇಳಿಸಿದಳು, ಆಮೇಲೆ ಅತ್ತಳು.

ಈಗ ಗಲ್ಲಿ ತಣ್ಣಗಿದೆ. 'ಇಲ್ಲಿ ದಾರಿ ಇದೆ' ಎಂಬ ಹೊಸ ದೂರು ಪರಿಶೀಲನೆಯಲ್ಲಿದೆ. ಮಾತು ಕಲಿಸಲು ಬರುವ ಆಸ್ಪತ್ರೆಯ ಹುಡುಗಿ, ಬಾಯಿಯ ಚಲನೆ ನೋಡಿಕೊಂಡು ಅಭ್ಯಾಸ ಮಾಡಲು ಎದುರಿಗೊಂದು ಕನ್ನಡಿ ಇರಲಿ ಎಂದಿದ್ದರಿಂದ, ಕಂಬಿಯ ಮೇಲಿದ್ದದ್ದನ್ನೇ ಬಿಚ್ಚಿ ಕಟ್ಟೆಯ ಎದುರು ನಿಲ್ಲಿಸಿದ್ದಾರೆ. ಮಾವ ದಿನವಿಡೀ ಅದರಲ್ಲಿ ತಮ್ಮ ಸೊಟ್ಟ ಬಾಯಿಯನ್ನು ನೋಡುತ್ತಾ ಕೂರುತ್ತಾರೆ. ವಾರಗಟ್ಟಲೆ ಗಾಳಿಯಷ್ಟೇ ಹೊರಬಂತು.

ಒಂದು ಬೆಳಗ್ಗೆ ಗಾಜಿನಕ್ಕ ಒಳಗೆ ಕಿಟಕಿ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದಳು. ಹೊರಗಿನಿಂದ ಒಂದು ದನಿ, ಗೊಗ್ಗರಾಗಿ, ತೊದಲುತ್ತಾ: "ಹಿಂ... ಹಿಂದಕ್... ಹೋಗ..."

ಕಡ್ಡಿ ಜಾರಿ ಗೆರೆ ಅಡ್ಡಾದಿಡ್ಡಿ ಹೋಯಿತು. ಓಡಿ ಬಂದು ನೋಡಿದರೆ ಗಲ್ಲಿಯಲ್ಲಿ ಯಾವ ಗಾಡಿಯೂ ಇಲ್ಲ. ಮಾವ ಎಡಗೈ ಎತ್ತಿ ಕನ್ನಡಿಯಲ್ಲಿದ್ದ ಮುದುಕನನ್ನು ಗದರಿಸುತ್ತಿದ್ದರು. ಅವಳು ಕಟ್ಟೆಯ ಮೇಲೆ, ಅವರ ಪಕ್ಕದಲ್ಲೇ ಕೂತಳು.

"ಇನ್ನೊಂದ್ಸಲ ಬೈರಿ ಮಾವ," ಎಂದಳು. "ಜೋರಾಗಿ ಬೈರಿ. ಆ ಮ್ಯಾಪ್‌ನೋರಿಗೆಲ್ಲಾ ಕೇಳಿಸ್ಲಿ."