ಚಿಕ್ಕಲಕ್ಷ್ಮಮ್ಮನ ಧರಣಿ ಗೊಂಬೆ

ಇನ್ನೂ ಕೋಳಿ ಕೂಗುವ ಹೊತ್ತು. ಹೊಳೆನರಸೀಪುರದ ಹತ್ತಿರದ ಸಣ್ಣ ಹಳ್ಳಿಯೊಂದರ ಜಗಲಿಯ ಮೇಲೆ ಚಿಕ್ಕಲಕ್ಷ್ಮಮ್ಮ ಹಳೇ ಪ್ಯಾಂಟಿನ ಕಾಲಿಗೆ ಭತ್ತದ ಹುಲ್ಲು ತುರುಕುತ್ತಿದ್ದಾರೆ. ಅರಕಲಗೂಡಿನ ರೈತರ ಧರಣಿಗೆ ಹೊತ್ತೇರುವ ಮೊದಲೇ ಪ್ರತಿಕೃತಿ ತಲುಪಬೇಕು. ಚನ್ನರಾಯಪಟ್ಟಣದಿಂದ ಹಾಸನದವರೆಗೆ ಯಾರು ಯಾರ ಪ್ರತಿಕೃತಿ ಸುಟ್ಟರೂ, ಆ ಹುಲ್ಲಿನ ಮನುಷ್ಯ ಹುಟ್ಟುವುದು ಬಹುಪಾಲು ಈ ಜಗಲಿಯಲ್ಲೇ. ಯಾವ ಪಕ್ಷದವರು ಬಂದರೂ ಇವರಿಗೆ ಒಂದೇ.

“ಕಾಲು ಮಾತ್ರ ಸಡ್ಲ ಕಟ್ತೀನಿ ಸಾ. ಪೊಲೀಸ್ನೋರು ಕಾಲ್ ಇಡ್ಕಂಡೇ ಎಳೆಯೋದು. ಕಾಲು ಅವರ ಕೈಗೋಯ್ತದೆ, ಮೈ ನಮ್ತಾವೇ ಉಳೀತದೆ,” ಎಂದು ಕಿಲಕಿಲ ನಗುತ್ತಾರೆ.

ಗಂಡ ನಂಜಪ್ಪನಿಗೆ ಮೊದಲು ಈ ಕೆಲಸ ಕಂಡರಾಗುತ್ತಿರಲಿಲ್ಲ. “ಅರ್ಜಿ ಕೊಟ್ರೆ ಆಗೋ ಕೆಲ್ಸಕ್ಕೆ ರಸ್ತೆ ತಡ್ದು ಜನರ ಶಾಪ ಯಾಕ್ ಕಟ್ಕತೀರಿ?” ಎಂದು ಗೊಂಬೆ ಕೇಳಲು ಬಂದವರ ಮೇಲೆ ಗೊಣಗುತ್ತಿದ್ದರು. ಊರವರದೂ ಅದೇ ರಾಗ. ಆದರೆ ಬೆಳಗಿನ ಬಸ್ಸು ಕೈ ಅಡ್ಡ ಹಿಡಿದರೂ ನಿಲ್ಲದೆ, ಮಗಳು ಮೇಘಶ್ರೀ ಹಾಸನದ ಕಾಲೇಜನ್ನೇ ಬಿಡುವ ಹಂತಕ್ಕೆ ಬಂದಳು. ಕೊಟ್ಟ ಅರ್ಜಿಗಳಿಗೆ ಉತ್ತರವೇ ಇಲ್ಲ. ಕಳೆದ ತಿಂಗಳು ಚಿಕ್ಕಲಕ್ಷ್ಮಮ್ಮ ಊರ ಹೆಂಗಸರನ್ನು ಕಟ್ಟಿಕೊಂಡು ತಾವೇ ರಸ್ತೆಯಲ್ಲಿ ಕೂತುಬಿಟ್ಟರು.

ಅಂದು ಅವಸರದಲ್ಲಿ, ಮಬ್ಬುಗತ್ತಲಲ್ಲಿ, ಸುಡಲೆಂದು ಕಟ್ಟಿದ ಗೊಂಬೆಗೆ ತೊಡಿಸಿದ್ದು ಯಾವ ಶರ್ಟು ಗೊತ್ತೇ? ನೆಂಟರ ಮದುವೆಗೆಂದು ನಂಜಪ್ಪ ಎತ್ತಿಟ್ಟಿದ್ದ ಬಿಳಿ ಶರ್ಟು! ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಸಾಮಿ ಓಡೋಡಿ ಬಂದು ಗೊಂಬೆಯನ್ನು ತಬ್ಬಿಕೊಂಡರು. ಅದೇ ಹೊತ್ತಿಗೆ ಪೊಲೀಸರು ಎಳೆದರು. ಕಾಲು ಕಿತ್ತು ಬಂತು, ನಂಜಪ್ಪ ಮಾತ್ರ ಬಿಡಲಿಲ್ಲ. ನಿಂತ ಬಸ್ಸಿನಲ್ಲಿದ್ದವರು ಬೈಯುತ್ತಾರೆಂದುಕೊಂಡರೆ ಚಪ್ಪಾಳೆ ತಟ್ಟಿದರು. “ನಮ್ಮೂರಲ್ಲೂ ಇದೇ ಪಾಡು ಕಣವ್ವ,” ಎನ್ನುತ್ತಾ ಅಜ್ಜಿಯೊಬ್ಬರು ಇಳಿದು ಬಂದು ಪಕ್ಕದಲ್ಲೇ ಕೂತರು. ಅವರ ಹಿಂದೆ ಅರ್ಧ ಬಸ್ಸೇ ಇಳಿಯಿತು.

ಬೆಂಕಿ ಹಚ್ಚುವ ಮೊದಲೇ ಸಾರಿಗೆ ಅಧಿಕಾರಿಯೊಬ್ಬರು ಬಂದು, ನಾಳೆಯಿಂದ ಬಸ್ಸು ನಿಲ್ಲುತ್ತದೆಂದು ಮಾತು ಕೊಟ್ಟರು. ಹೆಂಗಸರು ಗೊಂಬೆ ಬಿಚ್ಚಲು ಹೋದರೆ ನಂಜಪ್ಪನೇ ಅಡ್ಡ ನಿಂತರು.

“ಬರೀ ಮಾತ್ ನಂಬ್ಕಂಡ್ ಎಂಗ್ ಬಿಚ್ತೀರಿ? ನಾಳೆ ಬಸ್ ನಿಲ್ಲಲಿ, ನಮ್ ಮೇಘ ಅತ್ಲಿ. ಅಲ್ಲೀಗಂಟ ಶರ್ಟು ಗೊಂಬೆ ಮೈಮ್ಯಾಲೇ ಇರ್ಲಿ!”

ಮರುದಿನ ಬಸ್ಸು ನಿಂತಿತು. ಮೇಘಶ್ರೀ ಹತ್ತಿದಳು. ಊರಿಗೆ ಊರೇ ಕೇಕೆ ಹಾಕಿತು.

“ಈಗ ಯಾರಾರ ಗೊಂಬೆ ಕೇಳ್ಕಂಡ್ ಬಂದ್ರೆ ಉಲ್ಲು ಒತ್ಕಂಡ್ ಬರೋರು ನಮ್ ಯಜಮಾನ್ರೇ ಸಾ,” ಎನ್ನುವಾಗ ಚಿಕ್ಕಲಕ್ಷ್ಮಮ್ಮನ ಮುಖ ಅರಳುತ್ತದೆ. “ಬೀರೂಗೆ ಮಾತ್ರ ಬೀಗ ಆಕ್ಬುಟ್ಟವ್ರೆ!”