ಗುರುವಾರದ ಹಾಜರಿ

ಸುಮಾ, ನಾಗರಾಜು ಜೈಲು ಸೇರಿದ್ದು ನನ್ನ ಸುಳ್ಳಿನಿಂದ. ನಿನ್ನ ಕಾಲೇಜಿನವರು ಯಾರೋ ಹೇಳಿರಬೇಕು, ಇಲ್ಲವೇ ಪೊಲೀಸರು ಫೋನ್ ಕದ್ದು ಕೇಳಿರಬೇಕು ಎಂದು ನೀನು ಅಂದುಕೊಂಡಿದ್ದೆ. ಅದೇನೂ ಅಲ್ಲ — ಹೇಳಿದ್ದು ನಾನೇ, ಕೆಳಗಿನ ಮನೆಯ ನಿನ್ನ ಆಂಟಿ. ಎರಡು ವರ್ಷದಿಂದ ಈ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಇವತ್ತು ಬರೆದೇ ಬಿಡುತ್ತೇನೆ.

ನೀನು ಕುಣಿಗಲ್‌ನಿಂದ ಬಂದು ಸದಾಶಿವನಗರದ ನಮ್ಮ ಮಹಡಿ ಮನೆ ಹಿಡಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಲೆಕ್ಚರರ್ ಹುಡುಗಿ, ಮರ್ಯಾದಸ್ಥೆ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದೂ ಆಗದ ಹಾಗೆ ಓಡಾಡುವವಳು. ಗುರುವಾರ ಸಂಜೆ ನಿನ್ನ ಸ್ನೇಹಿತರು ನಾಲ್ಕೈದು ಜನ ಬರುತ್ತಿದ್ದರು. ಅವರಲ್ಲಿ ಹೆಬ್ಬೂರಿನ ನಾಗರಾಜು ಒಬ್ಬ — ವೈರಿಂಗ್ ಕೆಲಸದವನು, ಕೆಟ್ಟುಹೋಗಿದ್ದ ನಮ್ಮ ಮೋಟಾರಿನ ಸ್ವಿಚ್ಚನ್ನು ಕೇಳದೆಯೇ ಸರಿಮಾಡಿಕೊಟ್ಟವನು. ನಿಮ್ಮೂರ ಕಡೆಯ ಯಾರನ್ನೋ ಪೊಲೀಸರು ಕರೆದುಕೊಂಡು ಹೋಗಿ ಹತ್ತು ದಿನ ಕಳೆದರೂ ಕೋರ್ಟಿಗೆ ಹಾಜರುಪಡಿಸಿರಲಿಲ್ಲ. ಅವನು ಎಲ್ಲಿದ್ದಾನೆ ಎಂದು ಕೇಳುವ ಅರ್ಜಿಗಳನ್ನು ನೀವೆಲ್ಲ ಸೇರಿ ಬರೆಯುತ್ತಿದ್ದಿರಿ. ಅಷ್ಟೇ ನಿಮ್ಮ ಗುಟ್ಟು. ಅದು ನನಗೆ ಗೊತ್ತಿತ್ತು, ಸುಮಾ.

ಒಂದು ಬೆಳಿಗ್ಗೆ ಮಫ್ತಿಯಲ್ಲಿ ಒಬ್ಬ ಪೊಲೀಸಿನವನು ಬಂದ. ಬಹಳ ವಿನಯ. ಕಾಫಿ ಕುಡಿದು, ಲೋಟವನ್ನು ತಾನೇ ಸಿಂಕಿನಲ್ಲಿಟ್ಟು ಬಂದ.

"ಟೀಚರಾಗಿದ್ರಂತೆ ಅಮ್ಮಾ. ಮೇಲ್ಗಡೆ ಯಾರ್ ಬರ್ತಾರೆ, ಯಾವತ್ ಬರ್ತಾರೆ, ಸುಮ್ನೆ ಒಂದ್ಕಡೆ ಬರ್ದಿಟ್ಕೊಳಿ. ನಿಮ್ ಸೇಫ್ಟಿಗೇ ಕಣಮ್ಮ."

ಮೂವತ್ತು ವರ್ಷ ಹಾಜರಿ ಪುಸ್ತಕ ತುಂಬಿದ ಕೈ ಇದು. ಅವನು ಗೇಟು ದಾಟುವಷ್ಟರಲ್ಲೇ ನಾನು ಸ್ಕೇಲು ಹುಡುಕುತ್ತಿದ್ದೆ! ಎಡಕ್ಕೆ ಹೆಸರು, ಮೇಲೆ ತಾರೀಖು, ಒಬ್ಬೊಬ್ಬರಿಗೂ ಒಂದೊಂದು ಸಾಲು. ಹೆಸರು ತಿಳಿಯದವರ ಹೆಸರು ತಿಳಿಯುವುದಕ್ಕೆಂದೇ ಅಕ್ಕಿರೊಟ್ಟಿ ತಟ್ಟಿ ಮೇಲೆ ತರುತ್ತಿದ್ದೆ. "ಆಂಟಿ ಕೈರುಚಿನೇ ರುಚಿ" ಅನ್ನುತ್ತಿದ್ದಿರಿ. ನಾನು ಮುಖಗಳನ್ನು ನೋಡಿಕೊಂಡು ಇಳಿದು ಬಂದು, ಬಾಗಿಲು ಹಾಕಿಕೊಂಡು ಗುರುತು ಹಾಕುತ್ತಿದ್ದೆ.

ಆ ಒಂದು ಗುರುವಾರ ನಾನು ಮನೆಯಲ್ಲೇ ಇರಲಿಲ್ಲ. ಗುಬ್ಬಿಯಲ್ಲಿ ತಂಗಿಯ ಸೊಸೆಗೆ ಸೀಮಂತ — ಹಿಂದಿನ ದಿನವೇ ಹೋಗಿ ಶುಕ್ರವಾರ ಬಂದೆ. ಬಂದವಳು ಪುಸ್ತಕ ತೆರೆದರೆ ಗುರುವಾರದ ಚೌಕಗಳೆಲ್ಲ ಖಾಲಿ. ನಮ್ಮ ಸ್ಕೂಲುಗಳಲ್ಲಿ ಒಂದು ರೂಢಿಯಿತ್ತು. ಇನ್ಸ್‌ಪೆಕ್ಷನ್ ಇದೆ ಎಂದರೆ ಬಾರದ ಮಕ್ಕಳಿಗೂ ಹಾಜರಿ ಹಾಕಿಬಿಡುತ್ತಿದ್ದೆವು. ಖಾಲಿ ಬಿಟ್ಟರೆ ಸಾಹೇಬರು ನೂರು ಪ್ರಶ್ನೆ ಕೇಳುತ್ತಾರೆ, ತುಂಬಿದ್ದರೆ ಯಾರೂ ಕೇಳುವುದಿಲ್ಲ. ಹೇಗೂ ಪ್ರತಿ ಗುರುವಾರ ಬರುವವರು ತಾನೇ — ಎಲ್ಲರಿಗೂ ಹಾಜರಿ ಹಾಕಿದೆ. ನಾಗರಾಜುವಿಗೂ.

ಹದಿನೈದು ದಿನಕ್ಕೆ ನನ್ನನ್ನು ಸ್ಟೇಷನ್ನಿಗೆ ಕರೆಸಿದರು. ಅದೇ ಗುರುವಾರ ನಿನ್ನ ಮನೆಯಲ್ಲಿ ಒಳಸಂಚು ನಡೆಯಿತು ಎನ್ನುವುದು ಅವರ ಕೇಸು. ಮಫ್ತಿಯವನು ಬಂದು ಒಯ್ದಿದ್ದ ನನ್ನ ಪುಸ್ತಕ ಮೇಜಿನ ಮೇಲಿತ್ತು. ನಾಗರಾಜು ಗೋಡೆಗೊರಗಿ ನೆಲದ ಮೇಲೆ ಕೂತಿದ್ದ, ಒಂದು ಕಣ್ಣು ಊದಿಕೊಂಡಿತ್ತು. ಎದ್ದು ನಿಲ್ಲಲು ಹೋಗಿ, ಆಗದೆ, ಅಲ್ಲಿಂದಲೇ ಕೈ ಮುಗಿದ.

"ಮೇಡಂ, ಒಸಿ ಗ್ಯಾಪಿಸ್ಕೊಳಿ. ಅವತ್ತು ನಾನು ಬರ್ಲಿಲ್ಲ. ಅವ್ವುಂಗೆ ಉಸಾರಿರ್ಲಿಲ್ಲ, ಊರಲ್ಲೇ ಇದ್ದೆ."

ಸ್ಟೇಷನ್ನಿನ ಸಾಹೇಬರು ಅವನತ್ತ ನೋಡಲೂ ಇಲ್ಲ. "ಮೇಡಂ, ನೀವೇ ನೋಡಿದ್ರಾ?"

ಜ್ಞಾಪಿಸಿಕೊಳ್ಳುವುದಕ್ಕೆ ಏನಿತ್ತು? ಗುಬ್ಬಿಯಲ್ಲಿ ಹಾಕಿಸಿಕೊಂಡ ಬಳೆ ಇನ್ನೂ ಕೈಯಲ್ಲಿತ್ತು. ಆದರೆ ಅವತ್ತು ನಾನೇ ಮನೆಯಲ್ಲಿರಲಿಲ್ಲ ಎಂದರೆ ಇಡೀ ಪುಸ್ತಕವೇ ಸುಳ್ಳಾಗುತ್ತದೆ, ನಾನು ಸುಳ್ಳುಗಾರ್ತಿಯಾಗುತ್ತೇನೆ, ಆಮೇಲೆ ನಾನೂ ಆ ಗೋಡೆಯ ಪಕ್ಕ —

"ನೋಡ್ದೆ ಸಾರ್. ಬಂದಿದ್ದ."

ಕೇಸು ನಾಗರಾಜುವಿನ ಮೇಲೆ ನಿಂತಿತು; ನಿನ್ನನ್ನು ಹಿಡಿಯದಿದ್ದರೂ ನಿನ್ನ ಕೆಲಸ ಹೋಯಿತು. ಮನೆ ಖಾಲಿಮಾಡುವ ದಿನ ಸಾಮಾನೆಲ್ಲ ಟೆಂಪೋಗೆ ಹೇರಿದ ಮೇಲೆ ಬಂದು ನನ್ನ ಕೈ ಹಿಡಿದುಕೊಂಡೆ. "ನನ್ನಿಂದ ನಿಮ್ಗೂ ಸ್ಟೇಷನ್ ಹತ್ತೋ ಹಂಗಾಯ್ತು, ಕ್ಷಮಿಸಿ ಆಂಟಿ" ಎಂದೆ. ನಾನು — ಇದನ್ನು ಬರೆಯಲು ನಾಚಿಕೆಯಾಗುತ್ತದೆ — "ಹೋಗ್ಲಿ ಬುಡಮ್ಮ" ಎಂದು ನಿನ್ನನ್ನು ಕ್ಷಮಿಸಿಬಿಟ್ಟೆ.

ಆಮೇಲೆ ಆ ಪೊಲೀಸಿನವನು ನನ್ನ ಪುಸ್ತಕವನ್ನು ರಸ್ತೆಯ ಹೆಂಗಸರಿಗೆಲ್ಲ ತೋರಿಸಿ ಹೊಗಳಿದ. ಹೇಗೆ ಗೆರೆ ಎಳೆಯಬೇಕೆಂದು ಅವರಿಗೆ ಹೇಳಿಕೊಟ್ಟದ್ದೂ ನಾನೇ. ಈಗ ನಮ್ಮ ರಸ್ತೆಯಲ್ಲಿ ಸಂಜೆ ಯಾರೂ ಗೇಟಿನ ಹತ್ತಿರ ನಿಂತು ಹರಟುವುದಿಲ್ಲ. ಸೊಪ್ಪಿನವಳ ಜೊತೆ ಚೌಕಾಸಿಯೂ ಮೆಲುದನಿಯಲ್ಲೇ. ಹೋದ ತಿಂಗಳು ತಂಗಿ ಗುಬ್ಬಿಯಿಂದ ಬಂದು ಎರಡು ಗಂಟೆ ಇದ್ದು ಹೋದಳು. ಮಾರನೆಯ ಬೆಳಿಗ್ಗೆ ಅವನು ಗೇಟಿನಲ್ಲಿ ನಿಂತು ನಗುತ್ತಾ ಕೇಳಿದ: "ತಂಗಿ ಬಂದಿದ್ರಂತೆ? ಊಟ ಮಾಡ್ದಲೇ ಹೊಂಟೋದ್ರಂತಲ್ಲಮ್ಮ?"

ಅವಳು ಊಟ ಮಾಡದೆ ಹೋದದ್ದು ಯಾವ ಮನೆಯ ಪುಸ್ತಕದಲ್ಲಿದೆಯೋ! ಆ ರಾತ್ರಿ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದೆ. ನೀನು ಇದನ್ನೆಲ್ಲ ಆಗಲೇ ಹೇಳಿದ್ದೆ, ಇವತ್ತು ನಮ್ಮೂರ ಕಡೆಯವನನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದವರು ನಾಳೆ ಎಲ್ಲರ ಮನೆಗೂ ಬರುತ್ತಾರೆ ಎಂದು. ಓದಿದ ಹುಡುಗಿ, ಸುಮ್ಮನೆ ದೊಡ್ಡ ಮಾತಾಡುತ್ತಾಳೆ ಎಂದುಕೊಂಡಿದ್ದೆ. ನಾನು ಹೆದರಿದ ಮೇಲೆ ನನಗೆ ಬುದ್ಧಿ ಬಂತು ಎನ್ನುವುದೇ ಎಲ್ಲಕ್ಕಿಂತ ಕೀಳಾದ ಸಂಗತಿ.

ಕೋರ್ಟಿನಿಂದ ಸಮನ್ಸ್ ಬಂದಿದೆ. ಸೋಮವಾರ ಸಾಕ್ಷಿ ಹೇಳಬೇಕು. "ಸ್ಟೇಷನ್ನಲ್ಲಿ ಹೇಳಿದ್ನೇ ಹೇಳಿ ಸಾಕು, ಜಾಸ್ತಿ ಯೋಚ್ನೆ ಮಾಡ್ಬೇಡಿ" ಎಂದು ಆ ಪೊಲೀಸಿನವನು ಎರಡು ಸಲ ಬಂದು ಹೋದ. ಎರಡನೆಯ ಸಲ ಕಾಫಿ ಬೇಡವೆಂದ.

ನಿನ್ನೆ ಹೆಬ್ಬೂರಿಗೆ ಹೋಗಿದ್ದೆ. ನಾಗರಾಜುವಿನ ತಾಯಿ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಬೈಯುತ್ತಾರೆ, ಬೈಯಲಿ ಎಂದು ಸಿದ್ಧಳಾಗಿದ್ದೆ. ಅವರು ಎದ್ದು ಚಾಪೆ ಹಾಸಿದರು.

"ಕುತ್ಕಳವ್ವ. ಜೈಲಿಗೆ ನೋಡಕ್ಕೋದಾಗೆಲ್ಲ ನನ್ ಮಗ ಒಂದೇ ಮಾತು ಯೋಳ್ತನೆ. ಮೇಡಮ್ಮೋರು ಒಳ್ಳೇರು ಕನವ್ವ, ವಯಸ್ಸಾಗದೆ, ಮರ್ತೋಗವ್ರೆ. ಗ್ಯಾಪ್ಕ ಬಂದೇಟ್ಗೆ ನಿಜ ಯೋಳ್ತರೆ ಅಂತ."

ಮರೆತಿರಲಿಲ್ಲ ಎಂದು ಅವರಿಗೆ ಹೇಳಿದೆ. ಒಂದು ದಿನವೂ ಮರೆತಿರಲಿಲ್ಲ ಎಂದೆ. ಅವರು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತು ನಾನು ಗುಬ್ಬಿಯಲ್ಲಿದ್ದೆ, ನಾಗರಾಜುವನ್ನು ನೋಡಲೇ ಇಲ್ಲ, ಬೇಕೆಂದೇ ಸುಳ್ಳು ಹೇಳಿದೆ ಎಂದು ಸೋಮವಾರ ಕೋರ್ಟಿನಲ್ಲೂ ಹೇಳುತ್ತೇನೆ. ಮರೆವು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಸುಮಾ.