ಅಪ್ಪ ಗಾಲ್ಫ್ ಪಂದ್ಯಕ್ಕೆ ನಿಂತ ದಿನ

ನಾನು ಚಿಕ್ಕವಳಿದ್ದಾಗ ಮುನಿರಾಬಾದಿನ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿತ್ತು. ಅಪ್ಪ ಅಲ್ಲಿ ಬಡಿಗ. ಕ್ಯಾಂಪಿನ ಸಾಲುಮನೆಯಲ್ಲಿ ನಮ್ಮ ವಾಸ. ಅಪ್ಪನ ಅಂಗಿಯಲ್ಲಿ ಯಾವಾಗಲೂ ಸಾಗವಾನಿ ಪುಡಿಯ ವಾಸನೆ.

ಸಂಜೆಯಾದರೆ ಇಂಜಿನಿಯರ್ ಸಾಹೇಬರು ಕ್ಯಾಂಪಿನ ಹಿಂದಿನ ಬರಡು ಮಡ್ಡಿಯಲ್ಲಿ, ಜಾಲಿಗಿಡಗಳ ನಡುವೆ ಗಾಲ್ಫ್ ಆಡುತ್ತಿದ್ದರು. ಉದ್ದನೆಯ ಕೋಲಿನಿಂದ ಚಿಕ್ಕ ಬಿಳಿ ಚೆಂಡನ್ನು ಹೊಡೆದು ದೂರದ ಕುಣಿಗೆ ಬೀಳಿಸಬೇಕು. ಒಂಬತ್ತು ಕುಣಿಗಳನ್ನು ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಹುಲ್ಲು ಬೆಳೆಯದ ನೆಲ, ಹಾಗಾಗಿ ಕುಣಿಗಳ ಸುತ್ತ ಎಣ್ಣೆ ಕಲಸಿದ ಮರಳು ಹಾಸಿದ್ದರು. ಬಿಸಿಲೇರಿದರೆ ಅದು ಬಂಡಿಯ ಕೀಲೆಣ್ಣೆಯಂತೆ ನಾರುತ್ತಿತ್ತು.

ಮುರಿದ ಕೋಲುಗಳು ಅಪ್ಪನ ಬಳಿ ಬರುತ್ತಿದ್ದವು. ಸರಿಯಾಯಿತೇ ಎಂದು ಹೊಡೆದು ನೋಡುತ್ತ ನೋಡುತ್ತ ಅಪ್ಪ ಆಟವನ್ನೇ ಕಲಿತುಬಿಟ್ಟ. ಕ್ಯಾಂಪಿನಲ್ಲಿ ಮೊದಲ ಸಲ ಪಂದ್ಯ ಇಟ್ಟಾಗ ತಾನೂ ಹೆಸರು ಕೊಟ್ಟ.

ಪಂದ್ಯದ ದಿನ ಬೆಳಿಗ್ಗೆ ಅಕ್ಕ, ನಾನು ಬಂಡೆಯೊಂದರ ಮೇಲೆ ಕೂತಿದ್ದೆವು. ಟೋಪಿ ಹಾಕಿದ ಒಬ್ಬ ಸಾಹೇಬ ಅಪ್ಪನನ್ನು ತಡೆದ.

“ಇದು ಹವ್ಯಾಸಕ್ಕ ಆಡಾವ್ರ ಪಂದ್ಯ. ವಿಲಾಯತಿ ಕಾಯ್ದೆದಾಗ ರೊಕ್ಕಕ್ಕ ಕೋಲು ಮಾಡಾಂವ ಆಡಂಗಿಲ್ಲ,” ಎಂದ.

ನಾನು ತಲೆ ತಗ್ಗಿಸಿದೆ. ಅಪ್ಪ ಮಾತ್ರ ತಲೆ ತಗ್ಗಿಸಲಿಲ್ಲ.

“ಸಾಹೇಬ್ರ, ನನ್ನ ಪಗಾರ ಅಣೆಕಟ್ಟಿನ ಬಡಿಗತನಕ್ಕರಿ. ಕೋಲು ಜೋಡಿಸಿದ್ದಕ್ಕ ಯಾರ ಕಡೆನೂ ಒಂದು ಪೈಸೆ ಮುಟ್ಟಿಲ್ರಿ. ಬೇಕಾದ್ರ ಇವರನ್ನೆಲ್ಲ ಕೇಳ್ರಿ.”

ಹಿರಿಯ ಇಂಜಿನಿಯರ್ ಸುತ್ತ ನೋಡಿದರು. ಎಲ್ಲರ ಕೈಯಲ್ಲೂ ಅಪ್ಪ ರಿಪೇರಿ ಮಾಡಿದ ಕೋಲುಗಳಿದ್ದವು. ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು.

“ಹಂಗಾದ್ರ ಇವನೂ ನಮ್ಮಂಗ ಹವ್ಯಾಸಿನ. ಆಡ್ಲಿ,” ಎಂದರು.

ಅಪ್ಪ ಬರಿಗಾಲಲ್ಲೇ ಆಡಿದ. ಅಕ್ಕ ಒಂದೊಂದು ಹೊಡೆತಕ್ಕೂ ಒಂದು ಕಲ್ಲು ಎತ್ತಿಡುತ್ತಿದ್ದಳು. ಎಂಟು ಕುಣಿ ಮುಗಿದಾಗ ಅಪ್ಪ ಮತ್ತು ಅದೇ ಟೋಪಿಯ ಸಾಹೇಬ ಎಲ್ಲರಿಗಿಂತ ಮುಂದೆ, ಸರಿಸಮ. ಕೊನೆಯ ಕುಣಿಗೆ ಹೊರಟಾಗ ಸಾಹೇಬನ ಕೋಲಿನ ಕುತ್ತಿಗೆಗೆ ಸುತ್ತಿದ್ದ ದಾರ ಬಿಚ್ಚಿಕೊಂಡಿತು. ಅಪ್ಪ ಜೇಬಿನಿಂದ ಮೇಣದ ದಾರ ತೆಗೆದು, ಹಲ್ಲಲ್ಲಿ ಹಿಡಿದು ಬಿಗಿಯಾಗಿ ಸುತ್ತಿಕೊಟ್ಟ.

ಸಾಹೇಬ ಆ ಕುಣಿಗೆ ಐದು ಹೊಡೆತ ತೆಗೆದುಕೊಂಡ. ಅಪ್ಪನದು ಮೂರು ಆಗಿತ್ತು. ನಾಲ್ಕನೆಯದಕ್ಕೆ ಚೆಂಡು ಮರಳಿನ ಮೇಲೆ ಗೆರೆ ಎಳೆಯುತ್ತ ನಿಧಾನವಾಗಿ ಉರುಳಿ ಕುಣಿಯೊಳಗಿನ ತಗಡಿನ ಡಬ್ಬಿಗೆ ಬಿತ್ತು. ಆ ಸದ್ದು ನಮ್ಮ ಬಂಡೆಯವರೆಗೂ ಕೇಳಿಸಿತು. ಅಕ್ಕ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು.

ಟೋಪಿಯ ಸಾಹೇಬ ಮೊದಲು ಬಂದು ಅಪ್ಪನ ಕೈ ಕುಲುಕಿದ. “ಛಲೋ ಆಡಿದಿ,” ಅಂದ. ಅಪ್ಪನ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮೊಮ್ಮಕ್ಕಳೇ, ನಿಮಗೆ ಶಾಲೆಯಲ್ಲಿ ಬೂಟು ಇದೆ, ಸೀಟಿ ಊದುವ ಮಾಸ್ತರರಿದ್ದಾರೆ. ಮೊನ್ನೆ ಕೊಪ್ಪಳದ ರಿಲೇ ಓಟದಲ್ಲಿ ನಾಲ್ಕನೆಯವರಾಗಿ ಬಂದು ಮುಖ ಊದಿಸಿಕೊಂಡಿರಿ. ನನಗೇನೋ ಖುಷಿಯೇ ಆಯಿತು. ಹೆಸರು ಬರೆಸುವಾಗ ನಿಮ್ಮಪ್ಪ ಏನು ಕೆಲಸ ಮಾಡುತ್ತಾನೆ ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. ನಮ್ಮಪ್ಪನನ್ನು ಅವನ ಕೆಲಸದ ಹೆಸರಲ್ಲೇ ತಡೆದಿದ್ದರು. ಆತ ಉತ್ತರ ಕೊಟ್ಟು, ಆಮೇಲೆ ಆಡಿದ.